ಎಥನಾಲ್‌ನಿಂದ ವಿದ್ಯುತ್ತು: ಅಗ್ಗದ ಲೋಹಗಳು ಎಷ್ಟು ನೆರವಾಗಬಲ್ಲವು?

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಜಿಲ್ಲೆಗಳ ಕಬ್ಬು ಬೆಳೆಗಾರರಿಗೆ ಎಥನಾಲ್ ಹೊಸ ಹೆಸರೇನಲ್ಲ. ಕಾಕಂಬಿ, ಕಬ್ಬಿನ ಹಾಲು ಹಾಗೂ ಮುಸುಕಿನ ಜೋಳದಿಂದ ತಯಾರಾಗುವ ಈ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಕಾರ್ಯ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಚುರುಕುಗೊಂಡಿತು. ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಹುದುಗಿಸಿದರೆ ಸುಮಾರು 70 ಲೀಟರ್ ಎಥನಾಲ್ ದೊರೆಯುತ್ತದೆ. ಇದನ್ನು ಎಂಜಿನ್ನಿನಲ್ಲಿ ಸುಡುವ ಬದಲು, ದುಬಾರಿ ಲೋಹಗಳ ಹಂಗಿಲ್ಲದೆ ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸಬಹುದೇ? ಇಂಥ ಸಾಧನಗಳಿಗೆ ಹಣ ಹೂಡುವ ಮೊದಲು ರೈತರೂ ಸಹಕಾರ ಸಂಘಗಳೂ ಇದರ ಮರ್ಮವನ್ನು ಅರಿತಿರುವುದು ಒಳ್ಳೆಯದು.

ಕ್ರಿಯಾವರ್ಧಕ ಎಂದರೇನು?

ಹೊಲಕ್ಕೆ ಹಾಕಿದ ಯೂರಿಯ ತಾನಾಗಿಯೇ ಬೇಗ ಒಡೆಯುವುದಿಲ್ಲ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯ ಬಿಡಿಸುತ್ತದೆ. ಈ ಕಿಣ್ವದಲ್ಲಿ ನಿಕ್ಕಲ್ ಲೋಹವಿದೆಯೆಂದು 1975ರಲ್ಲಿ ತಿಳಿದುಬಂತು. ಶೇಂಗಾ, ತೊಗರಿ ಬೇರುಗಂಟುಗಳಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಕಿಣ್ವದಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ ಇವೆ. ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿಗೊಳಿಸಲೂ ನಿಕ್ಕಲ್ ಬೇಕು. ಹೀಗೆ ತಾನು ಖರ್ಚಾಗದೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ಕ್ರಿಯಾವರ್ಧಕ. ಎಲೆಕ್ಟ್ರಾನುಗಳನ್ನು ಸುಲಭವಾಗಿ ಪಡೆದು ಸುಲಭವಾಗಿ ಕೊಡುವ ಗುಣ ಸಂಕ್ರಮಣ ಲೋಹಗಳದು. ಪ್ಲಾಟಿನಂ, ಪಲ್ಲಾಡಿಯಂಗಳೂ ಇದೇ ಗುಂಪಿನವು. ಆದರೆ ಅವು ಅಪರೂಪ, ಬಹುಪಾಲು ದಕ್ಷಿಣ ಆಫ್ರಿಕ ಮತ್ತು ರಷ್ಯ ದೇಶಗಳಲ್ಲಿ ದೊರೆಯುತ್ತವೆ. ನಿಕ್ಕಲ್, ಕೋಬಾಲ್ಟ್, ಕಬ್ಬಿಣ, ತಾಮ್ರಗಳು ಅವುಗಳಿಗಿಂತ ಎಷ್ಟೋ ಅಗ್ಗ.

ಹನ್ನೆರಡರಲ್ಲಿ ನಾಲ್ಕು

ಇಂಧನಕೋಶದಲ್ಲಿ ಎಥನಾಲ್ ಉರಿಯುವುದಿಲ್ಲ. ಒಂದು ವಿದ್ಯುದ್ವಾರದಲ್ಲಿ ಅದು ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಇನ್ನೊಂದರಲ್ಲಿ ಗಾಳಿಯ ಆಮ್ಲಜನಕ ಅವನ್ನು ಪಡೆಯುತ್ತದೆ. ಎಥನಾಲ್ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಆದರೆ ಪ್ರತಿ ಅಣುವಿನಿಂದ 12 ಎಲೆಕ್ಟ್ರಾನುಗಳು ಸಿಗುತ್ತವೆ. ಅದಕ್ಕೆ ಅಣುವಿನೊಳಗಿನ ಇಂಗಾಲ–ಇಂಗಾಲ ಬಂಧ ಮುರಿಯಬೇಕು. ಈ ಬಂಧ ಗಟ್ಟಿ. ಪ್ಲಾಟಿನಂ ಕೂಡ ಅದನ್ನು ಸುಲಭವಾಗಿ ಮುರಿಯಲಾರದು. ಮುರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದರ ಮೈಗೆ ಅಂಟಿ ಕೆಲಸ ಕೆಡಿಸುತ್ತದೆ. ಬಂಧ ಮುರಿಯದಿದ್ದರೆ ಕ್ರಿಯೆ ಅಸಿಟಿಕ್ ಆಮ್ಲದಲ್ಲಿಯೇ ನಿಲ್ಲುತ್ತದೆ. ಆಗ ಸಿಗುವುದು 4 ಎಲೆಕ್ಟ್ರಾನು ಮಾತ್ರ.

ಒಂದು ಲೀಟರ್ ಎಥನಾಲ್‌ನಲ್ಲಿ ಲೆಕ್ಕದ ಪ್ರಕಾರ ಸುಮಾರು 6 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿಯಿದೆ. ಮೂರರಲ್ಲಿ ಒಂದು ಪಾಲು ಮಾತ್ರ ದಕ್ಕಿದರೆ ಅದು 2 ಯೂನಿಟ್ಟಿಗೆ ಇಳಿಯುತ್ತದೆ. 5 ಅಶ್ವಶಕ್ತಿಯ ಪಂಪನ್ನು ಅರ್ಧ ಗಂಟೆ ನಡೆಸಲೂ ಇದು ಸಾಲದು.

ನಿಕ್ಕಲ್‌ನ ಗುಣ, ಮಿತಿ

ನಿಕ್ಕಲ್ ಆಮ್ಲದಲ್ಲಿ ಕರಗುತ್ತದೆ, ಕ್ಷಾರದಲ್ಲಿ ಬಾಳುತ್ತದೆ. ಕ್ಷಾರದಲ್ಲಿ ಅದರ ಮೈಮೇಲೆ ಹೈಡ್ರಾಕ್ಸೈಡ್ ಪದರ ಬೆಳೆದು, ತಕ್ಕ ವೋಲ್ಟೇಜು ಬಂದಾಗ ಆಕ್ಸಿಹೈಡ್ರಾಕ್ಸೈಡ್ ಆಗುತ್ತದೆ. ಈ ಪದರವೇ ಎಥನಾಲನ್ನು ಅಸಿಟೇಟ್ ಆಗಿ ಮಾರ್ಪಡಿಸುವುದು. ಅದಕ್ಕೆ ಬೇಕಾದ ಮಟ್ಟ, ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆಯೆಂದು ಇಟ್ಟುಕೊಂಡರೆ, ಸುಮಾರು 1.35 ವೋಲ್ಟ್. ಆಮ್ಲಜನಕದ ಕಡೆಯ ಮಟ್ಟವಾದರೋ ಹೆಚ್ಚೆಂದರೆ 1.23 ವೋಲ್ಟ್.

ಕಾಲುವೆಗಿಂತ ಗದ್ದೆ ಎತ್ತರದಲ್ಲಿದ್ದರೆ ನೀರು ತಾನಾಗಿ ಹರಿಯದು, ಏತ ಹಾಕಬೇಕು. ಇಲ್ಲಿಯೂ ಹಾಗೆಯೇ. ಬರೀ ನಿಕ್ಕಲ್ ಪದರವನ್ನು ನಂಬಿದ ಎಥನಾಲ್ ಕೋಶ ವಿದ್ಯುತ್ ಕೊಡುವುದಿಲ್ಲ, ಬೇಡುತ್ತದೆ. ಕೋಬಾಲ್ಟ್ ಬೆರೆಸಿದರೆ ಈ ಮಟ್ಟ ಸ್ವಲ್ಪ ತಗ್ಗುತ್ತದೆ, ಆದರೆ ಕೊರತೆ ತುಂಬುವಷ್ಟಲ್ಲ. ಆದುದರಿಂದ ಕ್ಷಾರೀಯ ಕೋಶಗಳಲ್ಲಿ ಪಲ್ಲಾಡಿಯಂ ಬಳಸಿ, ಅದರ ಪ್ರಮಾಣ ತಗ್ಗಿಸಲು ನಿಕ್ಕಲನ್ನು ಜೊತೆಗೂಡಿಸುತ್ತಾರೆ.

ನಿಜವಾದ ಉಪಯೋಗ ಎಲ್ಲಿ?

ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಹೈಡ್ರೋಜನ್ ತೆಗೆಯುವಾಗ ಆಮ್ಲಜನಕ ಬಿಡಿಸಲು ರೂಢಿಯಲ್ಲಿ 1.5 ವೋಲ್ಟಿಗೂ ಹೆಚ್ಚಿನ ಮಟ್ಟ ಬೇಕು. ಆ ಕಡೆ ಎಥನಾಲ್ ಇಟ್ಟರೆ ನಿಕ್ಕಲ್ ಮೇಲೆ ಕೆಲಸ ಸುಮಾರು 1.35ರಿಂದಲೇ ಶುರುವಾಗಿ ವಿದ್ಯುತ್ ಉಳಿಯುತ್ತದೆ. ಹೈಡ್ರೋಜನ್ ಅಮೋನಿಯಕ್ಕೂ ಆ ಮೂಲಕ ಯೂರಿಯಕ್ಕೂ ಕಚ್ಚಾವಸ್ತು. ರೈತನಿಗೆ ಇದರ ಸಂಬಂಧ ಇರುವುದು ಇಲ್ಲಿ.

ಆದರೆ ಲೆಕ್ಕ ಹಾಕಬೇಕು. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 11.5 ಕಿಲೋ, ಅಂದರೆ ಹದಿನಾಲ್ಕೂವರೆ ಲೀಟರ್ ಎಥನಾಲ್ ಅಸಿಟೇಟ್ ಆಗುತ್ತದೆ. ಕ್ಷಾರವೂ ಅದರೊಡನೆ ಖರ್ಚಾಗುತ್ತದೆ. ಅಸಿಟೇಟಿಗೆ ಒಳ್ಳೆಯ ಬೆಲೆ ಸಿಕ್ಕರೆ ಮಾತ್ರ ಈ ವಿಧಾನ ಗಿಟ್ಟುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಅಗ್ಗದ ಲೋಹದ ಎಥನಾಲ್ ಕೋಶವೆಂದು ಯಾರಾದರೂ ಮಾರಲು ಬಂದರೆ, ಕ್ರಿಯಾವರ್ಧಕ ಯಾವುದು, ಕೊನೆಗೆ ಉಳಿಯುವ ವಸ್ತು ಯಾವುದು, ಲೀಟರಿಗೆ ಎಷ್ಟು ಯೂನಿಟ್, ಎಷ್ಟು ಗಂಟೆ ಬಾಳಿಕೆ ಎಂದು ಕೇಳಬೇಕು. ಮೀಟರ್ ಹಾಕಿ ತೋರಿಸದೆ ಮುಂಗಡ ಕೊಡಬಾರದು.

2. ಮನೆಯಲ್ಲಿ ಇಂಥ ಪ್ರಯೋಗ ಬೇಡ. ಪರವಾನಗಿಯಿಲ್ಲದೆ ಮದ್ಯಸಾರ ಬಟ್ಟಿ ಇಳಿಸುವುದು ಅಪರಾಧ. ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

3. ಸಕ್ಕರೆ ಕಾರ್ಖಾನೆಯ ಮಟ್ಟದಲ್ಲಿ ಬಗಾಸೆಯ ವಿದ್ಯುತ್ತೂ ಎಥನಾಲೂ ಒಂದೇ ಆವರಣದಲ್ಲಿ ದೊರೆಯುವುದರಿಂದ, ಹೈಡ್ರೋಜನ್ ಮತ್ತು ಅಸಿಟೇಟ್ ಜೋಡಿ ಉತ್ಪಾದನೆಯನ್ನು ಪರೀಕ್ಷಿಸಲು ಅದೇ ತಕ್ಕ ಜಾಗ. ಷೇರುದಾರ ಬೆಳೆಗಾರರು ಕಾರ್ಖಾನೆಯ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಮೇಲಿನ ಲೆಕ್ಕವನ್ನು ಮುಂದಿಟ್ಟು ಕೇಳಬಹುದು.