ಪಡಖಾನೆಯ ಪದಗಳು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಪಡಖಾನೆಯ ವಿಚಾರವನ್ನು ಒಬ್ಬ ವಿದ್ಯಾರ್ಥಿನಿ, ಅದೂ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಬರೆಯುವುದೆ ಎಂದು ವಾಚಕರು ಹುಬ್ಬೇರಿಸಬಹುದು. ನಾನು ಪಡಖಾನೆಯನ್ನು ಕಣ್ಣಾರೆ ಕಂಡವಳಲ್ಲ. ಸರಕಾರದ ಕಾಗದಗಳಲ್ಲಿ ಸೇಂದಿ ಎನಿಸಿಕೊಳ್ಳುವ ಈಚಲ ಹೆಂಡವನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 2004ರಲ್ಲಿ. ನಾನು ಹುಟ್ಟಿದ್ದು ಮರುವರ್ಷ. ಆದರೂ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ, ತೆರಕಣಾಂಬಿಯ ಕಡೆಗಿರುವ ನಮ್ಮೂರಿನಲ್ಲಿ, ನಮ್ಮ ಮನೆ ಕಳೆದುಕೊಂಡ ಹೊಲದ ಕಥೆಯೂ ನಾನು ಕಲಿತ ಮೊದಲ ಪದದ ಕಥೆಯೂ ಆ ಪಡಖಾನೆಯಿಂದಲೇ ಪ್ರಾರಂಭವಾಗುತ್ತವೆ. ಆದುದರಿಂದ ಬರೆಯುವ ಹಕ್ಕು ನನಗೂ ಉಂಟೆಂದು ಭಾವಿಸಿದ್ದೇನೆ.

ಪಡಖಾನೆಯೆಂದರೆ ಊರಾಚೆಯ ಹೆಂಡದಂಗಡಿ. ಅಲ್ಲಿ ಹಾಡು ಹುಟ್ಟಿದ್ದಕ್ಕೆ ಹೆಂಡದ ಗುಣವೇ ಒಂದು ಕಾರಣ. ಈಚಲ ಮರದ ಸುಳಿಯ ಬಳಿ ಕೆತ್ತಿ ಸಂಜೆ ಗಡಿಗೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಸಿಹಿಯಾದ ರಸ ತುಂಬಿರುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಕೆಲವೇ ಗಂಟೆಗಳಲ್ಲಿ ಮದ್ಯವಾಗಿಸುತ್ತವೆ. ಒಂದೆರಡು ದಿನ ಕಳೆದರೆ ಅದು ಬರಿಯ ಹುಳಿನೀರು. ಕೂಡಿಡುವಂತಿಲ್ಲ, ದೂರಕ್ಕೆ ಸಾಗಿಸುವಂತಿಲ್ಲ. ಹೀಗಾಗಿ ಕೂಲಿ ಮುಗಿಸಿದವರೆಲ್ಲರೂ ಒಂದೇ ಹೊತ್ತಿಗೆ ಒಂದೇ ಸೂರಿನಡಿ ಸೇರಬೇಕಾಗುತ್ತಿತ್ತು. ಹತ್ತು ಜನ ದಣಿದವರು ಕೂಡಿದ ಕಡೆ ಪದ ಏಳದೆ ಇದ್ದೀತೆ?

ನಮ್ಮ ಸೀಮೆ ಮೊದಲೇ ಪದಗಳ ಸೀಮೆ. ಮಂಟೇಸ್ವಾಮಿಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಡನೆ ರಾತ್ರಿಯಿಡೀ ಕಥೆ ಹಾಡಬಲ್ಲವರು. ಮಲೆಯ ಮಹದೇಶ್ವರನ ದೇವರಗುಡ್ಡರು ಕಂಸಾಳೆಯವರು. ಮಂಟೇಸ್ವಾಮಿಯ ಕಥೆಯಲ್ಲಿ ಆತನು ಹೇಸಿಗೆಯ ವೇಷದಲ್ಲಿ, ಹೆಂಡ ಮಾಂಸಗಳನ್ನು ಹೊತ್ತು ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನು ಪರೀಕ್ಷಿಸುತ್ತಾನೆ. ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ. ಆತನ ವಚನಗಳು ಇಂದಿಗೂ ಉಳಿದಿವೆ. ನಮ್ಮೂರ ಪಡಖಾನೆಯಲ್ಲಿ ಬೇಯಿಸಿದ ಕಡಲೆ ನಂಚಿಕೊಳ್ಳುತ್ತ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ಹಿಮ್ಮೇಳ ಹಿಡಿಯುತ್ತಿದ್ದರೆಂದು ನನ್ನ ತಾತ ಹೇಳುತ್ತಾರೆ. ಅಕ್ಷರ ಬಾರದ ಅವರಿಗೆ ಅದೇ ಪಾಠಶಾಲೆ.

ಈ ಲೋಕವನ್ನು ಪುಸ್ತಕಕ್ಕೆ ತಂದವರು ಜಿ. ಪಿ. ರಾಜರತ್ನಂ. ಅವರ ಹೆಸರಿನ ‘ಜಿ. ಪಿ.’ ಎಂದರೆ ಗುಂಡ್ಲು ಪಂಡಿತ; ಆ ಗುಂಡ್ಲು ನಮ್ಮ ಗುಂಡ್ಲುಪೇಟೆಯದೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಸ್ವತಃ ಹೆಂಡ ಮುಟ್ಟದ ಈ ಕನ್ನಡ ಅಧ್ಯಾಪಕರು ‘ಯೆಂಡ್ಕುಡ್ಕ ರತ್ನ’ನಾಗಿ ಕುಡುಕನ ಬಾಯಿಂದಲೇ ಪದ ಕಟ್ಟಿದರು. ಮುಂದೆ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ಅವನ್ನು ಹಾಡಿ ನಾಡಿನ ಮನೆಮನೆಗೂ ಮುಟ್ಟಿಸಿದರು. ಒಂದು ಪದದಲ್ಲಿ ದೇವರು ಹೆಂಡ ಬಿಡೆಂದರೆ ರತ್ನ ಬಿಡುತ್ತಾನೆ, ಹೆಂಡತಿಯನ್ನು ಬಿಡೆಂದರೂ ಒಪ್ಪುತ್ತಾನೆ, ಕನ್ನಡದ ಪದವನ್ನು ಬಿಡಲು ಮಾತ್ರ ಒಪ್ಪುವುದಿಲ್ಲ. ತರಗತಿಯಲ್ಲಿ ಇದನ್ನು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ.

“ನಿಮ್ಮ ತಾತನ ಜೊತ್ಗ ಪದ ಮನಗ ಬತ್ತಿತ್ತು ಕನವ್ವ, ಕೂಲಿ ದುಡ್ಡು ಬತ್ತಿರ್ನಿಲ್ಲ” ಎಂದಳು.

ಈ ಒಂದು ಮಾತಿನೆದುರು ಪಡಖಾನೆಯ ಗುಣಗಾನಕ್ಕೆ ಬೆಲೆಯಿಲ್ಲ. ಅಂಗಡಿಗಳನ್ನು ಸರಕಾರ ಹರಾಜು ಹಾಕುತ್ತಿತ್ತು. ಕೂಗಿದ ಹಣ ಹೊರಡಿಸಲು ಹೆಂಡಕ್ಕೆ ನೀರು, ಮೇಲೆ ಮತ್ತೇರಿಸಲು ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ಮದ್ದು ಬೆರೆಸುವ ಪಿಡುಗು ನಾಡಿನ ಹಲವೆಡೆ ಹಬ್ಬಿತ್ತು. ಸಾಲ ಬೆಳೆಯಿತು, ನಮ್ಮ ಹೊಲ ಹೋಯಿತು, ನನ್ನ ತಾಯಿ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಕಳೆ ಕೀಳಲು ಹೋದಳು. ಮನೆಯಲ್ಲಿ ಮೊದಲು ಬಿ.ಎ. ಮುಗಿಸುತ್ತಿರುವವಳು ನಾನು. ಪಡಖಾನೆ ಮುಚ್ಚದಿದ್ದರೆ ಈ ಲೇಖನವನ್ನು ಬರೆಯಲು ನಾನು ಇಲ್ಲಿ ಇರುತ್ತಿದ್ದೆನೋ ಇಲ್ಲವೋ.

ಹಾಗಾದರೆ ಮುಚ್ಚಿದ್ದರಿಂದ ಕುಡಿತ ನಿಂತಿತೆ? ಅದೂ ಇಲ್ಲ. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣ ಬಂದಿತು. ಈಗ ಕುಡಿಯುವವನು ಕೌಂಟರಿನ ಮುಂದೆ ನಿಂತು ಗುಟುಕರಿಸಿ ಒಬ್ಬನೇ ನಡೆಯುತ್ತಾನೆ. ಕೂಲಿ ಹೋಗುವುದು ತಪ್ಪಲಿಲ್ಲ. ಪದ ಮಾತ್ರ ತಪ್ಪಿತು. ಪೋರ್ಚುಗಲ್ಲಿನ ಲಿಸ್ಬನ್ ಬಂದರಿನಲ್ಲಿಯೂ ಹಡಗಿನವರು, ಕೂಲಿಯವರು ಸೇರುತ್ತಿದ್ದ ಹೆಂಡದಂಗಡಿಗಳಲ್ಲಿ ಫಾಡೊ ಎಂಬ ಹಾಡು ಬೆಳೆಯಿತು. 2011ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಹಾಡು ಎಲ್ಲಿ ಬೆಳೆಯಿತೆಂಬುದು ಅದಕ್ಕೆ ಕಳಂಕವಲ್ಲ.

ನಮ್ಮ ತಾತ ಅಂಗಡಿ ಮುಚ್ಚಿದಂದಿನಿಂದ ಕುಡಿತವನ್ನೂ ಬಿಟ್ಟರು, ಪದವನ್ನೂ ಬಿಟ್ಟರು. ಹೋದ ಶಿವರಾತ್ರಿಯ ರಾತ್ರಿ ಜಗಲಿಯ ಮೇಲೆ ಕುಳಿತಿದ್ದಾಗ, ಈ ಲೇಖನಕ್ಕಾಗಿ ಒಂದು ಪದ ಹೇಳಿರೆಂದು ಪೀಡಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮಾದಪ್ಪನ ಪದವೊಂದನ್ನು ಎತ್ತಿಕೊಂಡರು. ನಡುವೆ ಸೊಲ್ಲು ಮರೆತು ನಿಂತರು. ಆಗ ಬಾಗಿಲ ಹಿಂದಿನಿಂದ ಅಜ್ಜಿ ಆ ಸೊಲ್ಲನ್ನು ಹೇಳಿಕೊಟ್ಟಳು! ಅಷ್ಟು ವರ್ಷ ಬೈಯುತ್ತಲೇ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು.

ಪಡಖಾನೆ ಮತ್ತೆ ಬಾರದಿರಲಿ. ಆದರೆ ದಣಿದವರು ಸಂಜೆ ಕೂಡಿ ಹಾಡಲು ಊರಿಗೊಂದು ಜಗಲಿ ಬೇಕು. ಅಲ್ಲಿ ಅಜ್ಜಿಯಂದಿರೂ ಬಾಗಿಲ ಹಿಂದೆ ನಿಲ್ಲದೆ ಮುಂದೆ ಬಂದು ಕೂರುವಂತಿರಬೇಕು. ಅಂತಹ ಒಂದು ಸಂಜೆಯನ್ನು ನಮ್ಮ ಕಾಲೇಜಿನ ಅಂಗಳದಲ್ಲಿಯೇ ಮೊದಲು ಮಾಡಬಾರದೇಕೆ?