ನೀರಿನ ಲೆಕ್ಕ ಹಾಕಿ ಮನೆ ಕಟ್ಟೋಣ

ಮೂವತ್ತು-ನಲವತ್ತರ ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 11 ಸಾವಿರ ಲೀಟರ್ ನೀರಾಗುತ್ತದೆ. ಅದೇ ಜಾಗ ಹೊಲವಾಗಿದ್ದಾಗ ಮಣ್ಣು ಒಂದಷ್ಟನ್ನು ಹೀರಿ, ಮಿಕ್ಕಿದ್ದನ್ನು ನಿಧಾನವಾಗಿ ಕೆರೆಗೆ ಬಿಡುತ್ತಿತ್ತು. ಕಾಂಕ್ರೀಟಿಗೆ ಆ ತಾಳ್ಮೆಯಿಲ್ಲ. ಬಹುಪಾಲು ನೀರು ನಿಮಿಷಗಳಲ್ಲೇ ಚರಂಡಿಗಿಳಿಯುತ್ತದೆ. ಸಾವಿರ ಸೈಟುಗಳ ಬಡಾವಣೆಯಾದರೆ ಕೋಟಿ ಲೀಟರಿಗೂ ಮೀರಿದ ನೀರು ಒಟ್ಟಿಗೇ ರಾಜಕಾಲುವೆಗೆ ನುಗ್ಗುತ್ತದೆ.

ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಸುಮಾರು 900 ಮೀಟರ್ ಎತ್ತರದ ಈ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳತ್ತ ಹರಿಯುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಆ ದಾರಿಯಲ್ಲಿ ಕಟ್ಟಡಗಳೆದ್ದರೆ ನೀರು ಅವುಗಳೊಳಗೇ ನಿಲ್ಲುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಸುತ್ತಮುತ್ತ ಜನ ಟ್ರ್ಯಾಕ್ಟರ್ ಏರಿ ಹೊರಬರಬೇಕಾಯಿತು.

ಇದನ್ನು ತಡೆಯಲೆಂದೇ ಬಫರ್ ವಲಯದ ನಿಯಮವಿದೆ. ಬೆಂಗಳೂರಿನ 2015ರ ಮಹಾಯೋಜನೆಯ ಪ್ರಕಾರ ಕೆರೆಯ ಸುತ್ತ 30 ಮೀಟರ್, ಮೊದಲ, ಎರಡನೆಯ ಮತ್ತು ಮೂರನೆಯ ದರ್ಜೆಯ ಕಾಲುವೆಗಳ ನಡುಮಧ್ಯದಿಂದ ಕ್ರಮವಾಗಿ 50, 25, 15 ಮೀಟರ್ ಬಿಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು, ಕಾಲುವೆಗಳ ಬಫರನ್ನೂ ಹಿಗ್ಗಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಬದಲಾವಣೆಯನ್ನು ರದ್ದುಪಡಿಸಿತು.

ಎಷ್ಟು ಮೀಟರ್ ಎಂಬ ವಾದದಲ್ಲಿ ನೀರಿನ ಗುಣ ಮರೆತುಹೋಗುತ್ತದೆ. ಪ್ರವಾಹ ಹಬ್ಬುವುದು ನೆಲದ ಎತ್ತರ ನೋಡಿಕೊಂಡು. ಕಡಿದಾದ ದಂಡೆಯ ಬಳಿ 15 ಮೀಟರ್ ದೂರವೂ ಸುರಕ್ಷಿತವಾಗಿರಬಹುದು, ಸಮತಟ್ಟಾದ ತಗ್ಗಿನಲ್ಲಿ 75 ಮೀಟರ್ ಸಾಲದೆ ಹೋಗಬಹುದು. ಆದ್ದರಿಂದ ಎಷ್ಟು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಲ್ಲಿಯವರೆಗೆ ಏರುತ್ತದೆ ಎಂದು ನಕ್ಷೆ ಮಾಡಿ ವಲಯ ಗುರುತಿಸುವುದೇ ವೈಜ್ಞಾನಿಕ ಕ್ರಮ. ಪ್ರವಾಹ ನಿರ್ವಹಣೆಯ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಆಸ್ಪತ್ರೆ, ವಿದ್ಯುತ್ ಕೇಂದ್ರಗಳು ನೂರು ವರ್ಷದ ಪ್ರವಾಹ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆಗಳಿಗೆ 25 ವರ್ಷದ ಮಟ್ಟ. ತಗ್ಗಿನಲ್ಲಿ ಉದ್ಯಾನ, ಆಟದ ಮೈದಾನಗಳಿರಲಿ.

ನೂರು ವರ್ಷದ ಪ್ರವಾಹವೆಂದರೆ ಈ ಸಲ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ 1ರಷ್ಟಿರುತ್ತದೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಶೇ 26.

ಮಣ್ಣು ತುಂಬಿ ಸೈಟು ಎತ್ತರಿಸಿದರೂ ಆ ನೀರು ಕಡಿಮೆಯಾಗುವುದಿಲ್ಲ, ಪಕ್ಕದವರ ಮನೆಗೆ ಹೋಗುತ್ತದೆ. ಹಾಗಾಗಿ ಎಷ್ಟು ಜಾಗ ತುಂಬಿದರೋ ಅಷ್ಟೇ ನೀರು ನಿಲ್ಲುವ ಜಾಗವನ್ನು ಬೇರೆಡೆ ಮಾಡಿಕೊಡಬೇಕೆಂಬ ಷರತ್ತು ನಕ್ಷೆ ಮಂಜೂರಾತಿಯಲ್ಲೇ ಇರಬೇಕು.

ಕೇಂದ್ರ ಸರ್ಕಾರ ಪ್ರವಾಹ ವಲಯ ಗುರುತಿಸುವ ಮಾದರಿ ಮಸೂದೆಯನ್ನು 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಕಾಯ್ದೆ ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು. ಕಾನೂನು ಬರಲೆಂದು ನಾವು ಒತ್ತಾಯಿಸಲೇಬೇಕು. ಅಲ್ಲಿಯವರೆಗೆ ಸೈಟು ಕೊಳ್ಳುವವರು ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆಗಳನ್ನು ಹುಡುಕಿ, ಆಮೇಲೆ ಮುಂಗಡ ಕೊಡಲಿ.