ಒಂದು ಹುಳು, ಎರಡು ಖಾತೆ

ಬೇಸಿಗೆಯಲ್ಲಿ ಕಡೂರಿನಿಂದ ತರೀಕೆರೆಯ ಕಡೆಗೋ ಅಜ್ಜಂಪುರದ ಕಡೆಗೋ ಹೊರಟರೆ, ಕೆಲವು ತೆಂಗಿನ ತೋಟಗಳು ಬೆಂಕಿ ತಗುಲಿದಂತೆ ಕಾಣುವುದುಂಟು. ಸುಳಿ ಹಸಿರಾಗಿಯೇ ಇರುತ್ತದೆ, ಕೆಳಗಿನ ಗರಿಗಳು ಮಾತ್ರ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಮಕ್ಕಳೇ, ಅಂಥ ಗರಿಯೊಂದು ಸಿಕ್ಕರೆ ಮಗುಚಿ ನೋಡಿ. ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿದ ಸುರಂಗಗಳು, ಅವುಗಳೊಳಗೆ ಹಸಿರು ಮೈಯ, ಕಪ್ಪು ತಲೆಯ ಹುಳುಗಳು. ರೈತರು ಇದನ್ನು ಕಪ್ಪುತಲೆ ಹುಳು ಎನ್ನುತ್ತಾರೆ. ಎಲೆಯ ಅಡಿಭಾಗದ ಹಸಿರನ್ನು ಸುಮಾರು 40 ದಿನ ಕೆರೆದು ತಿಂದು, ಅಲ್ಲೇ ಕೋಶ ಕಟ್ಟಿ, ಕೊನೆಗೆ ಬೂದು ಬಣ್ಣದ ಸಣ್ಣ ಪತಂಗವಾಗಿ ಹೊರಬರುತ್ತದೆ.

ನೋಡಲು ಏನೂ ವಿಶೇಷವಿಲ್ಲದ ಈ ಪತಂಗಕ್ಕೆ ಬಹಳ ಕಾಲ ಎರಡು ಹೆಸರುಗಳಿದ್ದವು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೀಟಗಳ ಪಟ್ಟಿ ಮಾಡುತ್ತಿದ್ದ ಫ್ರಾನ್ಸಿಸ್ ವಾಕರ್ 1864ರಲ್ಲಿ ಇದಕ್ಕೆ ‘ಒಪಿಸಿನಾ ಅರೆನೊಸೆಲ್ಲಾ’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅರೆನಾ ಎಂದರೆ ಮರಳು. ವಾಕರ್ ಸಾವಿರಾರು ಕೀಟಗಳಿಗೆ ಹೆಸರಿಟ್ಟವನು. ಒಂದೊಂದು ಹೊಸ ಜಾತಿಗೆ ಒಂದೊಂದು ಶಿಲ್ಲಿಂಗ್ ಸಿಗುತ್ತಿತ್ತಂತೆ! ಅವಸರದಲ್ಲಿ ಒಂದೇ ಕೀಟಕ್ಕೆ ಎರಡೆರಡು ಬಾರಿ ಹೆಸರಿಟ್ಟದ್ದೂ ಉಂಟು. 1874ರಲ್ಲಿ ಆತ ತೀರಿಕೊಂಡಾಗ ಕೀಟಶಾಸ್ತ್ರದ ಪತ್ರಿಕೆಯೊಂದು ಸತ್ತವನೆಂಬ ದಾಕ್ಷಿಣ್ಯವನ್ನೂ ನೋಡದೆ ಕಟುವಾಗಿ ಬರೆಯಿತು. ಪಾಪ, ಅಷ್ಟು ಬೈಯಬೇಕಿರಲಿಲ್ಲ ಎನಿಸುತ್ತದೆ. ರಾಶಿ ಬಿದ್ದ ಪೆಟ್ಟಿಗೆಗಳನ್ನು ಯಾರಾದರೂ ಪಟ್ಟಿ ಮಾಡಲೇಬೇಕಿತ್ತು.

ನಲವತ್ತೊಂದು ವರ್ಷದ ನಂತರ, 1905ರಲ್ಲಿ, ಎಡ್ವರ್ಡ್ ಮೇರಿಕ್ ಅದೇ ಪತಂಗವನ್ನು ಹೊಸದೆಂದು ತಿಳಿದು ‘ನೆಫಾಂಟಿಸ್ ಸೆರಿನೋಪಾ’ ಎಂದು ಕರೆದರು. ಇವರು ಇಂಗ್ಲೆಂಡಿನಲ್ಲಿ ಶಾಲಾ ಮೇಷ್ಟ್ರು. ಪಾಠ ಹೇಳುತ್ತಲೇ ಸುಮಾರು 20,000 ಸಣ್ಣ ಪತಂಗಗಳಿಗೆ ಹೆಸರಿಟ್ಟ ಸಾಹಸಿ. ಅವರು ನೆಚ್ಚಿಕೊಂಡದ್ದು ಕೈಮಸೂರವನ್ನು. ಹೊಟ್ಟೆಯ ತುದಿಯ ಗಟ್ಟಿ ಭಾಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಅವರಿಗೆ ಹಿಡಿಸಲಿಲ್ಲ. ರೆಕ್ಕೆ ಒಂದೇ ಥರ ಕಂಡರೂ ಆ ಭಾಗಗಳು ಬೀಗದ ಕೈಗಳ ಹಾಗೆ ಜಾತಿಜಾತಿಗೂ ಬೇರೆಯಾಗಿರುತ್ತವೆ.

ಭಾರತದ ಕೃಷಿ ಪುಸ್ತಕಗಳಲ್ಲಿ ನೆಲೆಯೂರಿದ್ದು ಮೇರಿಕ್ ಕೊಟ್ಟ ಹೆಸರು. ವಾಕರನ ಹೆಸರು ಲಂಡನ್ನಿನ ಪೆಟ್ಟಿಗೆಯಲ್ಲೇ ಉಳಿಯಿತು.

ಹೆಸರು ಯಾವುದಾದರೇನು ಎನ್ನಬಹುದು. ಆದರೆ ಎರಡು ಹೆಸರಿದ್ದರೆ ಹುಳುಗಳೂ ಎರಡಿರಬಹುದೆಂಬ ಅನುಮಾನ ಬರುತ್ತದೆ. ಹುಳುಗಳು ಎರಡಾದರೆ ಒಂದಕ್ಕೆ ಕಂಡುಕೊಂಡ ಉಪಾಯ ಇನ್ನೊಂದಕ್ಕೆ ನಾಟುತ್ತದೆಂಬ ಖಾತರಿ ಇಲ್ಲ. ತೋಟಕ್ಕೆ ಸಾಲ ಮಾಡಿದವನಿಗೆ ಇದು ಪಂಡಿತರ ಚರ್ಚೆಯಲ್ಲ, ಮುಂದಿನ ಕಂತಿನ ಮಾತು.

ತೀರ್ಮಾನ ಹೇಗೆ? ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಚೆಕ್ಕಿನ ಸಹಿ ಅನುಮಾನ ಬಂದರೆ ಮಾದರಿ ಸಹಿಯ ಕಾರ್ಡು ತೆಗೆಯುತ್ತಿದ್ದೆವು. ಪತಂಗಗಳಿಗೂ ಅಂಥದೇ ಏರ್ಪಾಡಿದೆ. ಹೆಸರಿಟ್ಟವರು ಯಾವ ಪತಂಗವನ್ನು ನೋಡಿ ಹೆಸರಿಟ್ಟರೋ ಅದೇ ಮಾದರಿ. ಸೂಜಿಗೆ ಚುಚ್ಚಿ, ಚೀಟಿ ಕಟ್ಟಿ, ವಸ್ತುಸಂಗ್ರಹಾಲಯದಲ್ಲಿ ಕಾಪಾಡುತ್ತಾರೆ. ನೂರು ವರ್ಷವಾದರೂ ಅದು ಸಾಕ್ಷಿ ಹೇಳುತ್ತದೆ. 1980ರ ದಶಕದ ಹೊತ್ತಿಗೆ ಎರಡೂ ಹೆಸರು ಒಂದೇ ಪತಂಗದ್ದೆಂದು ಇತ್ಯರ್ಥವಾಯಿತು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ಪ್ರಾಣಿಶಾಸ್ತ್ರದ ನಿಯಮ. ಹೀಗೆ ಎಲ್ಲರೂ ಬೈದಿದ್ದ ವಾಕರನ ಹೆಸರೇ ಗೆದ್ದಿತು.

ನಮ್ಮಲ್ಲೂ ಇಂಥ ಸಂಗ್ರಹವಿದೆ. ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಕೀಟಗಳನ್ನು ಹೀಗೇ ಜೋಪಾನ ಮಾಡುತ್ತಾರೆ.

ಆದರೂ ಮೇಷ್ಟ್ರ ಹೆಸರು ಪೂರ್ತಿ ಅಳಿಯಲಿಲ್ಲ. ಕಪ್ಪುತಲೆ ಹುಳುವಿಗೆ ಒಬ್ಬ ಪುಟ್ಟ ವೈರಿಯಿದ್ದಾಳೆ, ಇರುವೆಯಷ್ಟೇ ಇರುವ ಕಪ್ಪು ಕಣಜ. ಹುಳುವನ್ನು ಚುಚ್ಚಿ ಮರಗಟ್ಟಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ಉಂಡು ಗೂಡು ಕಟ್ಟುವವರೆಗೆ ಪಕ್ಕದಲ್ಲೇ ಕಾವಲು ಕೂರುತ್ತಾಳೆ. ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಹುಳುಗಳ ಮೇಲೆ ಈ ಕಣಜವನ್ನು ಬೆಳೆಸಿ, ತೋಟಗಳಿಗೆ ತಂದು ಬಿಡುತ್ತಾರೆ. ಹೆಸರು ‘ಗೋನಿಯೋಜಸ್ ನೆಫಾಂಟಿಡಿಸ್’. ಹುಳುವಿನ ಹೆಸರು ಬದಲಾದರೂ ಕಣಜದ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ನೆಫಾಂಟಿಸ್ ಅಲ್ಲಿ ಹಾಗೆಯೇ ಉಳಿದುಕೊಂಡಿದೆ.